ಬಾಕಿ ಬಟ್ಟೆಗಳು

ಕುತೈಸಿಯ ಹಸಿರು ಸಂತೆಯ ಹಿಂದೆ
ಮೂರು ಮೆಟ್ಟಿಲಿಳಿದರೆ ಅಮ್ಮನ ಹೊಲಿಗೆಯಂಗಡಿ.
ಕಿಟಕಿಯಲ್ಲಿ ಕಾಣುವುದು ದಾರಿಹೋಕರ ಕಾಲು ಮಾತ್ರ.
ಅಷ್ಟು ಸಾಕಿತ್ತು ಅವಳಿಗೆ.
"ಆ ಬೂದು ಪ್ಯಾಂಟು ಎಡಗಾಲಿಗೆ ಅರ್ಧ ಬೆರಳು ಉದ್ದ"
ಎನ್ನುತ್ತಿದ್ದಳು,
ಮುಖವನ್ನೇ ನೋಡದ ಮನುಷ್ಯನ ಬಗ್ಗೆ.

ನಲವತ್ತನೆಯ ದಿನದ ಊಟ ಮುಗಿಯಿತು.
ಎರವಲು ತಂದ ಬೆಂಚುಗಳನ್ನು ಗಂಡಸರು ಹೊತ್ತೊಯ್ದರು.
ಲೋಬಿಯೋ ಬೇಯಿಸಿದ ಮಡಕೆಗಳನ್ನು ನೆರೆಮನೆಯ ಝುಝುನಾ
ತಿಕ್ಕಿ ತೊಳೆದು ಕವುಚಿಟ್ಟಳು.
ಪೆಟ್ಟಿಗೆಯ ಬಳಿ ನಾನು ಅಳಲಿಲ್ಲವೆಂದು
ಚಿಕ್ಕಮ್ಮ ಲಾಮಾರಾ ಹೋಗುವಾಗಲೂ
ಕೋಟು ಹಾಕಿಕೊಳ್ಳುತ್ತ ಮತ್ತೊಮ್ಮೆ ಎಲ್ಲರಿಗೂ ಹೇಳಿದಳು.

ಮಾರನೆಯ ಬೆಳಿಗ್ಗೆ ಅಂಗಡಿಯ ಬೀಗ ತೆಗೆದೆ.
ಹದಿನಾಲ್ಕು ಬಟ್ಟೆ, ಬಾಕಿ.
ಒಂದೊಂದಕ್ಕೂ ಚುಚ್ಚಿದ ಚೀಟಿ,
ಅವಳ ದುಂಡಗಿನ ಅಕ್ಷರ.
ಒಂದು ಹೆಸರಿಲ್ಲ.
"ಸೀನುವವನ ಕೋಟು."
"ಸೊಸೆಯನ್ನು ಬೈಯುವವಳು. ಸೊಂಟ ಬಿಡಿಸು, ಅವಳಿಗೆ ಹೇಳಬೇಡ."
"ಮದುವೆ ಮುರಿದದ್ದು. ಅವಸರವಿಲ್ಲ."

ಸೂಜಿ ನನಗೇನು ಹೊಸದಲ್ಲ.
ಆಸ್ಪತ್ರೆಯಲ್ಲಿ ದಿನಕ್ಕೆ ಐವತ್ತು ಜನರ ರಕ್ತ ತೆಗೆಯುವವಳು.
ರಕ್ತ ಬಂದರೆ ನನ್ನ ಕೆಲಸ ಆಯಿತು,
ಬಂದರೆ ಅವಳ ಕೆಲಸ ಕೆಟ್ಟಿತು.
ಹೊಲಿಗೆ ಕಲಿ ಎಂದು ಒಂದು ಬೇಸಿಗೆಯಿಡೀ ಬೆನ್ನು ಹತ್ತಿದ್ದಳು.
ನಾನು ಹಾಕಿದ ಗುಂಡಿ
ತೊಟ್ಟವರು ಬೀದಿ ದಾಟುವ ಮೊದಲೇ ಉದುರುತ್ತಿತ್ತು.

ಸೀನುವವನು ಬಂದ. ಹೆಸರು ಓತಾರ್ ಅಂತೆ.
ಕೋಟಿನ ಒಂದು ತೋಳು ಹೊಲಿದಿದೆ,
ಇನ್ನೊಂದಕ್ಕೆ ಬರೀ ಗುಂಡುಸೂಜಿ.
ಬೇರೆ ದರ್ಜಿಗೆ ಕೊಡಿ, ದುಡ್ಡು ವಾಪಸು ತಗೊಳ್ಳಿ, ಎಂದೆ.
ಸೂಜಿಗಳ ಸಮೇತ ತೊಟ್ಟುಕೊಂಡ.
"ಜೋಪಾನವಾಗಿ ಕೈ ಆಡಿಸ್ತೀನಿ" ಅಂದ,
ಸೀನಿದ, ಮೆಟ್ಟಿಲು ಹತ್ತಿದ.
ಕಿಟಕಿಯಲ್ಲಿ ಅವನ ಬೂಟುಗಳು
ಬಹಳ ಹೊತ್ತು ಹೆಜ್ಜೆ ಕೀಳಲಿಲ್ಲ.

ಸೊಸೆಯನ್ನು ಬೈಯುವವಳು ಬಾಗಿಲಲ್ಲೇ ಗೊಳೋ ಎಂದಳು,
ಕಣ್ಣೊರೆಸಿ
ಮುಂಗಡ ಕೊಟ್ಟದ್ದನ್ನು ಎರಡು ಸಲ ಎಣಿಸಿಕೊಂಡಳು.
ಮದುವೆ ಮುರಿದವಳು ಬರಲೇ ಇಲ್ಲ.
ಆ ಬಿಳಿ ಬಟ್ಟೆ ಇನ್ನೂ ಮೊಳೆಗೆ ತೂಗುತ್ತಿದೆ,
ಬಾಗಿಲು ತೆರೆದಾಗ ಒಂದಿಷ್ಟು ಆಡುತ್ತದೆ,
ಅವಸರವಿಲ್ಲದೆ.

ಪರದೆಯ ಅಂಚಿಗೆ ಒಂದು ಸೂಜಿ ಸಿಕ್ಕಿಸಿದ್ದಾಳೆ,
ಅದರಲ್ಲಿ ಗೇಣುದ್ದ ಕಪ್ಪು ದಾರ.
ತುದಿಯನ್ನು ಬಾಯಲ್ಲಿ ನೆನೆಸಿ ಪೋಣಿಸುವುದು ಅವಳ ಅಭ್ಯಾಸ.
ಅದನ್ನು ಮುಟ್ಟಿಲ್ಲ.

ನಮ್ಮ ಕಡೆ ಅಮ್ಮನಿಗೆ ದೇದಾ ಅನ್ನುತ್ತೇವೆ.
ಅಮ್ಮನೂ ಮಗಳನ್ನು ದೇದಾ ಎಂದೇ ಕರೆಯುತ್ತಾಳೆ.
ತಿನ್ನು, ದೇದಾ.
ಕೊರಳಿಗೆ ಏನಾದರೂ ಸುತ್ತಿಕೋ, ದೇದಾ.
ಕೊನೆಯ ವಾರ ಯಾರಿಗೂ ನರ ಸಿಗದೆ
ನಾನೇ ಮೂರು ಕಡೆ ಚುಚ್ಚಿದೆ.
ನೋವಾಯಿತಾ, ದೇದಾ?
ಇಲ್ಲ, ದೇದಾ.
ಕಣ್ಣು ಮುಚ್ಚಿ ಕೇಳಿದವರಿಗೆ ಗೊತ್ತಾಗದು
ಯಾರು ಹೆತ್ತವರು, ಯಾರು ಹುಟ್ಟಿದವರು.
ಈಗ ಕರೆಯಲೂ ಇಲ್ಲ, ಕರೆಸಿಕೊಳ್ಳಲೂ ಇಲ್ಲ.
ಮಾರುಕಟ್ಟೆಯಲ್ಲಿ ಯಾವಳೋ ತನ್ನ ಹುಡುಗಿಗೆ ಹೇಳಿದರೆ
ನಾನು ತಿರುಗುತ್ತೇನೆ,
ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು, ಪೆದ್ದಿಯ ಹಾಗೆ.

ಮಾರ್ಚಿಯಲ್ಲಿ ಅಂಗಡಿ ಬಿಟ್ಟುಕೊಡಬೇಕಾಯಿತು.
ಹಾಸು ಕೊಡವಿದೆ, ಗುಡಿಸಿದೆ,
ಅಯಸ್ಕಾಂತ ಆಡಿಸಿದೆ ಮೂಲೆಮೂಲೆಗೆ.
ಬೂಟು ಕಳಚಿ, ನೀರು ಚೆಲ್ಲಿ ನೆಲ ಒರೆಸುವಾಗ
ಹಲಗೆಯ ಸಂದಿಯಿಂದ ಒಂದು ಗುಂಡುಸೂಜಿ
ಹಿಮ್ಮಡಿಗೆ ಇಳಿಯಿತು.

ವಾಯ್, ದೇದಾ!

ನಾನು ಕೂಗಿದ್ದಲ್ಲ, ಬಾಯಿ ಕೂಗಿತು.
ಒದ್ದೆ ನೆಲದ ಮೇಲೆ ಕೂತೆ.
ಹತ್ತಿ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ
ಎಂದು ಊರಿಗೆಲ್ಲ ಹೇಳುವವಳು
ಹಿಡಿಯಲಿಲ್ಲ.